ಎರಡೂವರೆ ವರ್ಷ ಬಳಸಿದ ಆರ್‌ಒ ಮೆಷಿನ್, ಅದರ ಹಿಂದಿರುವ ಒಂದು ತಿರುಪು

ಮೆಷಿನ್ ಗೋಡೆ ಹತ್ತಿದ ದಿನ ಮೊದಲ ಲೋಟ ನೀರು ಅತ್ತೆಗೆ ಕೊಟ್ಟೆ. ಒಂದು ಗುಟುಕು ಬಾಯಲ್ಲಿ ಹಿಡಿದು, ಎರಡು ಸಲ ಆಡಿಸಿ, ನುಂಗಿದರು. "ಚಪ್ಪಗಾ ಉಂದಿ" ಅಂದರು. ಕೋಲಾರದ ಮನೆಗಳಲ್ಲಿ ಕನ್ನಡದಲ್ಲಿ ಹೇಳಿದ್ದಕ್ಕೆ ಎದುರು ಮಾತಾಡಬಹುದು. ತೆಲುಗಿನಲ್ಲಿ ಬಂದ ತೀರ್ಪಿಗೆ ಅಪೀಲಿಲ್ಲ. ಸಪ್ಪೆ ಅಂದರೆ ಸಪ್ಪೆ.

ಮುಂದೆ ನಾನು ಹೇಳುವ ತೊಂದರೆಗೆಲ್ಲ ಆ ಒಂದು ಮಾತೇ ಬೀಜ.

ಮೊದಲು ಮೆಷಿನ್ ಬಗ್ಗೆ. ಬ್ರಾಂಡ್ ಹೆಸರು ಬರೆಯುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಡಬ್ಬಿ ಬೇರೆ ಬೇರೆ ಇರುತ್ತೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಮಣ್ಣು ಹಿಡಿಯುವ ಫಿಲ್ಟರ್, ಕಾರ್ಬನ್ ಫಿಲ್ಟರ್, ಒಂದು ಬೂಸ್ಟರ್ ಪಂಪ್, ಉಪ್ಪು ತಡೆಯುವ ತೆಳು ಪೊರೆ ಅಂದರೆ ಮೆಂಬ್ರೇನ್, ಯುವಿ ಲೈಟ್, 12 ಲೀಟರ್ ಟ್ಯಾಂಕ್. ಊರಿನ ಅಂಗಡಿಯೊಂದರಲ್ಲಿ 14,500 ರೂಪಾಯಿಗೆ ತಂದದ್ದು. ಅಂಗಡಿಯವನು ಇನ್ನೆರಡು ಸಾವಿರ ಕೊಟ್ಟರೆ ಆಲ್ಕಲೈನ್ ಕ್ಯಾಟ್ರಿಜ್ ಹಾಕುತ್ತೇನೆ ಅಂದ. ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವಳು. ಹೊಟ್ಟೆಯೊಳಗೆ ಆಸಿಡ್ ಇರುತ್ತೆ ಅಂತ ಹತ್ತೊಂಬತ್ತು ವರ್ಷದಿಂದ ಬೋರ್ಡ್ ಮೇಲೆ ಬರೆಯುತ್ತಿದ್ದೇನೆ. ಬೇಡಪ್ಪಾ ಅಂದೆ.

ಅದಕ್ಕೂ ಮೊದಲು ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬರುತ್ತಿದ್ದೆವು. ನಮ್ಮವರ ಸ್ಕೂಟರ್ ಮುಂದೆ ಕ್ಯಾನ್ ಇಟ್ಟುಕೊಂಡು. ಅವರ ಬೆನ್ನು ಹಿಡಿದುಕೊಂಡ ಮೇಲೆ ಮೆಷಿನ್ ತರೋಣ ಅಂತಾಯಿತು. ಮನೆಯ ನಲ್ಲಿಯಲ್ಲಿ ಬರುವುದು ಬೋರ್‌ವೆಲ್ ನೀರು, ಸಾವಿರ ಅಡಿಗಿಂತ ಕೆಳಗಿನದು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಲೆಕ್ಕ, ಲೀಟರಿಗೆ 900 ಮಿಲಿಗ್ರಾಂ. ಫ್ಲೋರೈಡ್ ಲೀಟರಿಗೆ 2.8 ಮಿಲಿಗ್ರಾಂ ಅಂತ ಲ್ಯಾಬ್ ರಿಪೋರ್ಟ್ ಬಂದಿತ್ತು. ನಮ್ಮ ದೇಶದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನನ್ನ ಕ್ಲಾಸಿಗೆ ಬರುವ ಹಳ್ಳಿ ಮಕ್ಕಳಲ್ಲಿ ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೆಚ್ಚು ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮೊದಲೇ ದವಡೆಯೊಳಗೆ ಬಿದ್ದ ಗೆರೆ ಅದು, ಎಷ್ಟು ಉಜ್ಜಿದರೂ ಹೋಗಲ್ಲ. ನೀರು ಕಾಯಿಸಿ ಕುಡಿದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ. ಫ್ಲೋರೈಡ್ ಸಾಯುವ ವಸ್ತುವಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ. ಹಾಗಾಗಿ ನಾವು ಮೆಷಿನ್ ತಂದದ್ದು ಫ್ಲೋರೈಡ್‌ಗೋಸ್ಕರ. ರುಚಿಗಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮೆಷಿನ್ ಕೆಲಸ ಮಾಡುತ್ತಾ ಅಂದರೆ, ಮಾಡುತ್ತೆ. ಮೊದಲ ದಿನ ಟಿಡಿಎಸ್ 900ರಿಂದ 60ಕ್ಕೆ ಇಳಿಯಿತು. ಆದರೆ ಕೆಳಗಿನ ಬಿಳಿ ಪೈಪಿಗೆ ಒಂದು ಬಕೆಟ್ ಇಟ್ಟು ನೋಡಿ. ನಾನು ಒಂದು ಭಾನುವಾರ ಲೀಟರ್ ಜಗ್ಗಿನಲ್ಲಿ ಅಳೆದೆ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ. ಆ ಹೊರಗೆ ಬಂದ ನೀರಿನ ಟಿಡಿಎಸ್ 1,180. ನೆಲ ಒರೆಸಲು, ಬಚ್ಚಲು ತೊಳೆಯಲು ಆಗುತ್ತೆ. ಅತ್ತೆ ಅದನ್ನು ಕರಿಬೇವಿನ ಗಿಡಕ್ಕೆ ಹಾಕಿದರು. ಎರಡು ತಿಂಗಳಲ್ಲಿ ಎಲೆಗಳ ತುದಿ ಸುಟ್ಟ ಹಾಗಾಯಿತು. ಸಾವಿರ ಅಡಿಯಿಂದ ಎತ್ತಿದ ನೀರಿನಲ್ಲಿ ಮುಕ್ಕಾಲು ಪಾಲು ಚರಂಡಿಗೆ ಬಿಡುವುದು ಅಂದರೆ ನಮ್ಮ ಜಿಲ್ಲೆಯಲ್ಲಿ ಹೊಟ್ಟೆ ಉರಿಯುವ ವಿಷಯ. ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. 2018ರಿಂದ ಕೆರೆ ತುಂಬಿಸಲು ಬರುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ್ದು. ಅಂಥ ಊರಿನಲ್ಲಿ ಮೂರಕ್ಕೊಂದು!

ಇಲ್ಲಿ ನನ್ನೊಳಗಿನ ಟೀಚರ್ ಸುಮ್ಮನಿರಲ್ಲ. ನಮ್ಮ ಹೊಟ್ಟೆಯ ಹಿಂದೆ, ಬೆನ್ನಿಗೆ ಅಂಟಿಕೊಂಡು ಎರಡು ಮೆಷಿನ್ ಇವೆಯಲ್ಲ, ಕಿಡ್ನಿಗಳು, ಅವು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್. ನೂರಕ್ಕೆ ಒಂದು. ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ನನ್ನ 14,500 ರೂಪಾಯಿ ಮೆಷಿನ್ ನೂರಕ್ಕೆ ಎಪ್ಪತ್ತೈದು ಚೆಲ್ಲುತ್ತೆ.

ಕಿಡ್ನಿ ಹೇಗೆ ಹಾಗೆ ಮಾಡುತ್ತೆ ಅನ್ನುವುದಕ್ಕೆ ಶ್ರೀನಿವಾಸಪುರದ ಮಾವಿನಕಾಯಿಯಿಂದ ಶುರು ಮಾಡುತ್ತೇನೆ, ಕ್ಲಾಸಿನಲ್ಲೂ ಹಾಗೇ ಮಾಡುವುದು. ಉಪ್ಪಿನಕಾಯಿಗೆ ಹೆಚ್ಚಿದ ಹೋಳಿಗೆ ಕಲ್ಲುಪ್ಪು ಹಾಕಿ ರಾತ್ರಿ ಮುಚ್ಚಿಡಿ. ಬೆಳಗ್ಗೆ ಜಾಡಿಯಲ್ಲಿ ನೀರೋ ನೀರು. ಯಾರೂ ಹಿಂಡಲಿಲ್ಲ. ಉಪ್ಪು ಎಲ್ಲಿ ಜಾಸ್ತಿಯೋ ನೀರು ಆ ಕಡೆಗೆ ತಾನೇ ಹೋಗುತ್ತೆ. ಇದು ಆಸ್ಮೋಸಿಸ್. ಆರ್‌ಒ (ರಿವರ್ಸ್ ಆಸ್ಮೋಸಿಸ್) ಮೆಷಿನ್ ಇದನ್ನು ಉಲ್ಟಾ ಮಾಡುತ್ತೆ, ಉಪ್ಪಿನ ಕಡೆಯಿಂದ ನೀರನ್ನು ಈಚೆಗೆ ತಳ್ಳುತ್ತೆ. ಅದಕ್ಕೇ ಪಂಪ್ ಬೇಕು. ಕರೆಂಟ್ ಹೋದರೆ ಮೆಷಿನ್ ಬರೀ ಡಬ್ಬ. ಸೋಸಿದ ನೀರನ್ನು ವಾಪಸ್ ತರುವಾಗ ಕಿಡ್ನಿ ಅದನ್ನು ತಳ್ಳುವುದಿಲ್ಲ. ತನ್ನ ಒಳಭಾಗವನ್ನು ಉಪ್ಪಿನಕಾಯಿ ಜಾಡಿಯ ಹಾಗೆ ಉಪ್ಪಾಗಿ ಇಟ್ಟುಕೊಂಡು, ನೀರು ತಾನೇ ಬರಲಿ ಅಂತ ಬಾಗಿಲು ತೆಗೆಯುತ್ತೆ. ಪುಕ್ಕಟೆ ಅಂದುಕೊಳ್ಳಬೇಡಿ. ಆ ಉಪ್ಪನ್ನು ಅಲ್ಲಿ ಪಂಪ್ ಮಾಡಿ ಇಡಲು ದೇಹ ಶಕ್ತಿ ಖರ್ಚು ಮಾಡುತ್ತೆ. ಕರೆಂಟ್ ಬಿಲ್ ಅಲ್ಲೂ ಇದೆ, ಬೇರೆ ಮೀಟರಿನಲ್ಲಿ.

ಆ ಬಾಗಿಲಿನ ಹೆಸರು ಅಕ್ವಾಪೋರಿನ್. ಪ್ರೋಟೀನಿನಿಂದ ಆದದ್ದು. ನಮ್ಮ ಪ್ರತಿ ಜೀವಕೋಶದ ಸುತ್ತ ಎಣ್ಣೆಯಂಥ ಕೊಬ್ಬಿನ ಪೊರೆ ಇರುತ್ತೆ. ಎಣ್ಣೆ, ನೀರು ಸೇರಲ್ಲ, ಆದರೂ ಸ್ವಲ್ಪ ನೀರು ನುಸುಳುತ್ತೆ. ಬಹಳ ಕಾಲ ಅಷ್ಟೇ ಸಾಕು ಅಂತ ಹಲವರು ನಂಬಿದ್ದರು. ಕೆಂಪು ರಕ್ತಕಣ, ಕಿಡ್ನಿ ಇವೆಲ್ಲ ನೀರನ್ನು ಅಷ್ಟು ಬೇಗ ಹೇಗೆ ದಾಟಿಸುತ್ತವೆ ಅನ್ನುವುದಕ್ಕೆ ಮಾತ್ರ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪೀಟರ್ ಅಗ್ರೆ ಅನ್ನುವವರು ರಕ್ತದ ಗುಂಪಿನ ಆರ್‌ಎಚ್ ಪ್ರೋಟೀನ್ ಹುಡುಕುತ್ತಿದ್ದರು. ಅದರ ಜೊತೆ ಬೇಡವೆಂದರೂ ಇನ್ನೊಂದು ಪ್ರೋಟೀನ್ ಬರುತ್ತಿತ್ತು. ಅಕ್ಕಿ ಆರಿಸುವಾಗ ಪದೇ ಪದೇ ಒಂದೇ ಥರದ ಕಲ್ಲು ಸಿಕ್ಕ ಹಾಗೆ. ಎಸೆಯದೆ ಎತ್ತಿಟ್ಟರು, ಅದು ದೊಡ್ಡತನ. 1992ರಲ್ಲಿ ಕಪ್ಪೆ ಮೊಟ್ಟೆಯಲ್ಲಿ ಪರೀಕ್ಷೆ ಮಾಡಿದರು. ಕಪ್ಪೆ ಮೊಟ್ಟೆ ನೀರಿನಲ್ಲೇ ಬೀಳುವಂಥದ್ದು, ಸುಲಭಕ್ಕೆ ನೀರು ಒಳಗೆ ಬಿಡಲ್ಲ. ಆ ಪ್ರೋಟೀನ್ ತಯಾರಿಸುವ ಆರ್‌ಎನ್‌ಎ ಚುಚ್ಚಿದ ಮೊಟ್ಟೆಗಳು ಉಪ್ಪು ಕಡಿಮೆಯ ನೀರಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಉಬ್ಬಿ ಒಡೆದುಹೋದವು. ಚುಚ್ಚದೇ ಇದ್ದವು ಸುಮ್ನೆ ಕೂತಿದ್ದವು. 2003ರಲ್ಲಿ ನೊಬೆಲ್ ಬಂತು.

ಈಗ ಒಳಗೆ ಹೋಗಿ ನೋಡೋಣ. ಈ ರಂಧ್ರ ಮರಳು ಗಡಿಯಾರದ ಹಾಗೆ, ಎರಡೂ ತುದಿ ಅಗಲ, ನಡು ಸಣ್ಣ. ತುಂಬಾ ಕಿರಿದಾದ ಜಾಗದಲ್ಲಿ ಅಗಲ ಸುಮಾರು 0.28 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದು ಪಾಲಿನ ಕಾಲು ಭಾಗಕ್ಕಿಂತ ಚೂರು ಜಾಸ್ತಿ. ನೀರಿನ ಒಂದು ಅಣು ಇರುವುದೇ ಅಷ್ಟು. ತೋಟದ ಬೇಲಿಯಲ್ಲಿ ಒಬ್ಬರು ಓರೆಯಾಗಿ ದಾಟುವಷ್ಟು ಸಂದಿ ಬಿಟ್ಟಿರುತ್ತಾರಲ್ಲ, ಹಾಗೆ. ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ಸೋಡಿಯಂ ಒಂಟಿಯಾಗಿ ಸಣ್ಣದೇ, ಆದರೆ ಅದು ಯಾವಾಗಲೂ ಮೈಮೇಲೆ ನೀರಿನ ಕಂಬಳಿ ಹೊದ್ದಿರುತ್ತೆ. ಕಂಬಳಿ ಸಮೇತ ಈ ಸಂದಿಯಲ್ಲಿ ತೂರಲ್ಲ, ಕಂಬಳಿ ತೆಗೆಯುವುದಕ್ಕೆ ಒಪ್ಪಲ್ಲ. ಅದರ ಮೇಲೆ ಬಾಗಿಲಲ್ಲೇ ಪಾಸಿಟಿವ್ ಚಾರ್ಜಿನ ಆರ್ಜಿನಿನ್ (ಪ್ರೋಟೀನ್ ಸರದ ಒಂದು ಮಣಿ, ಅಮೈನೋ ಆಮ್ಲ) ಒಂದು ಕೂತಿದೆ, ತನ್ನಂಥ ಚಾರ್ಜಿನವರನ್ನು ದೂರ ತಳ್ಳುತ್ತೆ.

ನನಗೆ ಇಷ್ಟವಾದ ಭಾಗ ಇದಲ್ಲ, ನಡುಭಾಗ. ನೀರಿನ ಅಣುಗಳು ಸಾಲಾಗಿ ನಿಂತರೆ ಒಂದು ಅಪಾಯವಿದೆ. ಪ್ರೋಟಾನ್, ಅಂದರೆ ಆಸಿಡ್ಡಿಗೆ ಆಸಿಡ್‌ತನ ಕೊಡುವ ಪಾಸಿಟಿವ್ ಕಣ, ಆ ಸಾಲಿನಲ್ಲಿ ನಡೆದು ಹೋಗಬೇಕಾಗಿಲ್ಲ. ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ಮೇಲೆ ಹೋಗುತ್ತಲ್ಲ, ಆಳುಗಳು ನಿಂತಲ್ಲೇ ಇರುತ್ತಾರೆ, ಬಾಂಡ್ಲಿ ಮಾತ್ರ ಓಡುತ್ತೆ, ಹಾಗೆ ದಾಟಿಬಿಡುತ್ತೆ. ಹಾಗೇನಾದರೂ ಸೋರಿದರೆ ಜೀವಕೋಶದ ಶಕ್ತಿ ವ್ಯವಸ್ಥೆಯೇ ಹಾಳು. ಅಕ್ವಾಪೋರಿನ್ ಮಾಡುವ ಉಪಾಯ ನೋಡಿ. ರಂಧ್ರದ ನಟ್ಟನಡುವೆ ಎರಡು ಆಸ್ಪರಜಿನ್‌ಗಳು, ಅವೂ ಅಂಥ ಮಣಿಗಳೇ, ಪ್ರತಿ ನೀರಿನ ಅಣುವನ್ನೂ ಹಿಡಿದು ತಿರುಗಿಸುತ್ತವೆ. ಸಾಲಿನ ಮಧ್ಯದ ಆಳು ಬೇರೆ ಕಡೆ ತಿರುಗಿ ನಿಂತ ಹಾಗಾಯಿತು. ಬಾಂಡ್ಲಿ ಅಲ್ಲೇ ನಿಂತಿತು. ಜೊತೆಗೆ ಆ ಜಾಗದ ಪಾಸಿಟಿವ್ ಚಾರ್ಜೂ ಪ್ರೋಟಾನನ್ನು ಹಿಂದಕ್ಕೆ ಅಟ್ಟುತ್ತೆ. ನೀರು ಮಾತ್ರ ದಾಟುತ್ತಲೇ ಇರುತ್ತೆ, ಒಂದು ರಂಧ್ರದಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ಅಣು.

300 ಕೋಟಿ ಅಂದಾಗ ಮಕ್ಕಳು ಬಾಯಿ ಬಿಡುತ್ತಾರೆ. ಆಮೇಲೆ ಲೆಕ್ಕ ಮಾಡಿಸುತ್ತೇನೆ. ಒಂದೇ ರಂಧ್ರದಿಂದ ಒಂದು ಮಿಲಿಲೀಟರ್ ನೀರು ಬರಬೇಕಾದರೆ ಸುಮಾರು ಮೂರೂವರೆ ಲಕ್ಷ ವರ್ಷ ಬೇಕು! ಅದಕ್ಕೇ ಒಂದೊಂದು ಕೆಂಪು ರಕ್ತಕಣದಲ್ಲೂ ಸುಮಾರು ಎರಡು ಲಕ್ಷ ಅಕ್ವಾಪೋರಿನ್ ಇವೆ. ಮನುಷ್ಯನಲ್ಲಿ ಇದರ 13 ಬಗೆ. ಕೆಲವು ನೀರಿನ ಜೊತೆ ಗ್ಲಿಸರಾಲ್, ಯೂರಿಯಾದಂಥ ಸಣ್ಣ ಅಣುಗಳನ್ನೂ ಬಿಡುತ್ತವೆ, ಅವುಗಳ ಸಂದಿ ಚೂರು ಅಗಲ. ಕಿಡ್ನಿಯಲ್ಲಿ ಮೊದಲ ಹಂತದಲ್ಲಿ ಒಂದನೇ ನಂಬರಿನದು ಯಾವಾಗಲೂ ತೆರೆದಿರುತ್ತೆ, ಮೂರರಲ್ಲಿ ಎರಡು ಪಾಲು ನೀರು ಅಲ್ಲೇ ವಾಪಸ್. ಕೊನೆಯ ಹಂತದಲ್ಲಿ ಎರಡನೇ ನಂಬರಿನದು. ಅದು ಒಳಗೆ ಸಣ್ಣ ಚೀಲಗಳಲ್ಲಿ ಕೂತಿರುತ್ತೆ. ಬಾಯಾರಿದಾಗ ಮೆದುಳಿನಿಂದ ವ್ಯಾಸೋಪ್ರೆಸಿನ್ ಹಾರ್ಮೋನ್ ಬಂದರೆ ಆ ಚೀಲಗಳು ಪೊರೆಗೆ ಬಂದು ಸೇರುತ್ತವೆ, ಬಾಗಿಲು ಹೆಚ್ಚಾಗುತ್ತೆ, ಮೂತ್ರ ಕಡಿಮೆಯಾಗುತ್ತೆ. ನೀರು ಸಾಕಷ್ಟು ಕುಡಿದರೆ ಬಾಗಿಲು ಮತ್ತೆ ಒಳಗೆ. ನನ್ನ ಮೆಷಿನ್‌ಗೆ ಬೇಸಿಗೆಯೂ ಗೊತ್ತಿಲ್ಲ, ಮಳೆಗಾಲವೂ ಗೊತ್ತಿಲ್ಲ.

ಆರ್‌ಒ ಮೆಂಬ್ರೇನ್‌ನಲ್ಲಿ ಇಂಥ ಬಾಗಿಲು ಇಲ್ಲ. ಅದು ಪಾಲಿಅಮೈಡ್ ಅನ್ನುವ ಪ್ಲಾಸ್ಟಿಕ್ಕಿನ ತೀರಾ ತೆಳು ಪದರ. ನೀರು ಅದರಲ್ಲಿ ಒಂಥರಾ ಕರಗಿ, ನೂಲುಗಳ ಮಧ್ಯೆ ದಾರಿ ಹುಡುಕಿಕೊಂಡು ಆಚೆ ಬರುತ್ತೆ. ಉಪ್ಪಿಗೆ ಆ ದಾರಿ ಕಷ್ಟ, ಅಷ್ಟೇ. ಅಸಾಧ್ಯವಲ್ಲ. ಚಾರ್ಜ್ ಇಲ್ಲದ ಸಣ್ಣ ಅಣುಗಳು ಇನ್ನೂ ಸುಲಭವಾಗಿ ನುಸುಳುತ್ತವೆ. ಇದನ್ನು ಬೈಯುತ್ತಿಲ್ಲ. ಇಂಥ ಪೊರೆಗೆ ದಾರಿ ಮಾಡಿಕೊಟ್ಟವರಲ್ಲಿ ನಮ್ಮ ದೇಶದ ಶ್ರೀನಿವಾಸ ಸೌರಿರಾಜನ್ ಒಬ್ಬರು, 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಜೊತೆ. ಅದಿಲ್ಲದಿದ್ದರೆ ನಾವು ಇವತ್ತಿಗೂ 2.8 ಕುಡಿಯುತ್ತಿದ್ದೆವು.

ಈಗ ತಿರುಪಿನ ವಿಷಯ.

ಮೆಷಿನ್ ಮುಚ್ಚಳ ತೆಗೆದರೆ ಬಲಗಡೆ, ಎರಡು ಪೈಪ್ ಸೇರುವ ಕಡೆ, ಉಗುರಿನಷ್ಟು ದೊಡ್ಡ ತಿರುಪು ಇದೆ. ಟಿಡಿಎಸ್ ಕಂಟ್ರೋಲರ್ ಅಂತಾರೆ. ಹೆಸರು ಕೇಳಿದರೆ ಏನೋ ಭಾರಿ ಯಂತ್ರ ಅನ್ನಿಸುತ್ತೆ. ಅದು ಮಾಡುವುದು ಇಷ್ಟೇ: ಮೆಂಬ್ರೇನ್‌ಗೆ ಹೋಗದೇ ಬಂದ ಬೋರ್‌ವೆಲ್ ನೀರನ್ನು ಸ್ವಲ್ಪ, ದಾಟಿ ಬಂದ ನೀರಿಗೆ ಬೆರೆಸುತ್ತೆ. ಹಾಲಿಗೆ ನೀರು ಬೆರೆಸುವ ಹಾಗೆ, ಉಲ್ಟಾ.

ಮೊದಲ ಸರ್ವಿಸ್‌ಗೆ ಹುಡುಗ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಎಂಟು ತಿಂಗಳಾದ ಮೇಲೆ ಕ್ಲಾಸಿಗೆ ಬೇಕು ಅಂತ ಟಿಡಿಎಸ್ ಮೀಟರ್ ತಂದಾಗ ನಮ್ಮ ನೀರಿಗೆ ಅದ್ದಿದೆ. 350. ಮೆಂಬ್ರೇನ್ ಹೋಯಿತು ಅಂದುಕೊಂಡೆ. ಫೋನ್ ಮಾಡಿದರೆ ಅವರೂ ಹೌದು ಮೇಡಂ, ನಿಮ್ಮ ಏರಿಯಾ ನೀರಿಗೆ ಅಷ್ಟೇ ಬಾಳಿಕೆ ಅಂದರು. 2,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಮೀಟರ್ ಅದ್ದಿದೆ. 340! ಹುಡುಗ ತಲೆ ಕೆರೆದುಕೊಂಡ. ಮೆಂಬ್ರೇನ್‌ನಿಂದ ಬರುವ ಪೈಪನ್ನೇ ಬಿಚ್ಚಿ ಲೋಟಕ್ಕೆ ಹಿಡಿ ಅಂದೆ. 45. ಅಂದರೆ ಮೆಂಬ್ರೇನ್ ಸರಿಯಾಗಿದೆ, ಹಳೆಯದೂ ಸರಿಯಾಗೇ ಇತ್ತು, ನೀರು ಕೆಡುತ್ತಿರುವುದು ಆಮೇಲೆ.

"ಈ ತಿರುಪು ಯಾರಪ್ಪಾ ತಿರುಗಿಸಿದ್ದು?"

"ಮೇಡಂ, ಅದು... ಹೋದ ಸಲ ಬಂದಾಗ ಅಮ್ಮನವರು ಟೇಸ್ಟ್ ಇಲ್ಲ ಅಂದ್ರು. ಸ್ವಲ್ಪ ಮಿನರಲ್ ಬಿಟ್ಟಿದ್ದೆ."

ಅತ್ತೆ ಅಡುಗೆಮನೆಯಲ್ಲಿ ಬಹಳ ಗಮನವಿಟ್ಟು ಸೊಪ್ಪು ಬಿಡಿಸುತ್ತಿದ್ದರು.

ಮಿನರಲ್ ಅಂತೆ. ನಮ್ಮ ಬೋರ್‌ವೆಲ್ ನೀರಿಗೆ ಇಷ್ಟು ಚಂದದ ಹೆಸರು ಯಾರೂ ಇಟ್ಟಿರಲಿಲ್ಲ. ತಿರುಪು ಮುಚ್ಚುವ ಮೊದಲು ಒಂದು ಬಾಟಲಿ ತುಂಬಿಸಿಕೊಂಡೆ, ಮುಚ್ಚಿದ ಮೇಲೆ ಇನ್ನೊಂದು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಫ್ಲೋರೈಡ್ ಕಿಟ್ ಇದೆ. ನೀರಿಗೆ ಗುಲಾಬಿ ಬಣ್ಣದ ದ್ರವ ಹಾಕಿದರೆ ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಹಳದಿಗೆ ತಿರುಗುತ್ತೆ. ಒಂದು ಟ್ಯೂಬ್ ಗುಲಾಬಿಯಾಗೇ ಉಳಿಯಿತು. ಇನ್ನೊಂದು ನಿಧಾನಕ್ಕೆ ಕಿತ್ತಳೆಗೆ ಜಾರಿತು. ಕಣ್ಣಳತೆ ಸಾಲದು ಅಂತ ಎರಡನ್ನೂ ಲ್ಯಾಬಿಗೆ ಕಳಿಸಿದೆ. ತಿರುಪು ಮುಚ್ಚಿದ್ದು 0.2. ತೆರೆದಿದ್ದು 1.1.

1.1 ಕುಡಿದು ಯಾರೂ ಸಾಯಲ್ಲ, ಗೊತ್ತು. ಆದರೆ 350 ಟಿಡಿಎಸ್ ಅಂದರೆ ಒಳ್ಳೆಯ ನೀರು ಅಂತ ಯಾರಾದರೂ ಹೇಳುತ್ತಾರೆ. 500ರವರೆಗೆ ಮಾನಕವೇ ಒಪ್ಪುತ್ತೆ. ಟಿಡಿಎಸ್ ಮೀಟರ್ ಮಾಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡುವುದು. ಒಳಗೆ ಎಷ್ಟು ಜನ ಇದ್ದಾರೆ ಅಂತ ಹೇಳುತ್ತೆ, ಯಾರಿದ್ದಾರೆ ಅಂತ ಹೇಳಲ್ಲ. ಹೋದ ತಿಂಗಳು ಬಂಗಾರಪೇಟೆಯಲ್ಲಿ ಪಾನಿಪೂರಿ ತಿನ್ನುವಾಗ ಬ್ಯಾಗಿನಲ್ಲಿದ್ದ ಮೀಟರನ್ನು ಆ ಕನ್ನಡಿಯಂಥ ಪಾನಿಗೆ ಅದ್ದಿದೆ. ನೋಡಲು ಬರೀ ನೀರು. ಅಂಕಿ ಓಡಿ ಓಡಿ ಮೀಟರ್‌ಗೇ ಸುಸ್ತಾಯಿತು. ನಾವು ಆರಾಮಾಗಿ ಇನ್ನೊಂದು ಪ್ಲೇಟ್ ತಿಂದೆವು. ಆ ಉಪ್ಪು ಖಾರ ಯಾರು ಅಂತ ನಮಗೆ ಗೊತ್ತಿತ್ತಲ್ಲ.

ಜೀವಕೋಶದ ಬಾಗಿಲುಗಳು ಕೇಳುವುದು "ಯಾರು" ಅಂತಲೇ. ಅಗ್ರೆ ಜೊತೆ ನೊಬೆಲ್ ಹಂಚಿಕೊಂಡ ರೋಡೆರಿಕ್ ಮೆಕಿನನ್ 1998ರಲ್ಲಿ ಪೊಟ್ಯಾಸಿಯಂ ಬಾಗಿಲಿನ ರಚನೆ ತೋರಿಸಿದರು. ಅದು ದೊಡ್ಡದಾದ ಪೊಟ್ಯಾಸಿಯಂ ಬಿಟ್ಟು ಸಣ್ಣದಾದ ಸೋಡಿಯಂ ತಡೆಯುತ್ತೆ. ಅಲ್ಲಿನ ಆಮ್ಲಜನಕದ ಉಂಗುರ ಪೊಟ್ಯಾಸಿಯಂಗೆ ಹಳೇ ಕಂಬಳಿಯಷ್ಟೇ ಬೆಚ್ಚಗೆ ಹೊಂದುತ್ತೆ, ಸೋಡಿಯಂಗೆ ಸಡಿಲ. ಅದಕ್ಕಿಂತ ನನಗೆ ಹತ್ತಿರದ್ದು ಇನ್ನೊಂದು. 2013ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಮಿಲ್ಲರ್ ಬಳಗ ಬ್ಯಾಕ್ಟೀರಿಯಾಗಳಲ್ಲಿ ಫ್ಲೋರೈಡ್‌ಗೇ ಅಂತ ಇರುವ ಬಾಗಿಲು ಇದೆ ಅಂತ ತೋರಿಸಿತು. ಪಕ್ಕದಲ್ಲೇ ರಾಶಿ ಕ್ಲೋರೈಡ್ ಇದ್ದರೂ ಅದನ್ನು ಬಿಡಲ್ಲ, ಫ್ಲೋರೈಡ್ ಮಾತ್ರ ಹೊರಗೆ. ಬರಿಗಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯಾ ಮನೆಯಲ್ಲಿ ಇಂಥ ವ್ಯವಸ್ಥೆ ಇಟ್ಟುಕೊಂಡಿದೆ. ನಮ್ಮ ದೇಹದಲ್ಲಿ ಅದಿಲ್ಲ. ಅದಿದ್ದಿದ್ದರೆ ನನ್ನ ಕ್ಲಾಸಿನ ಮಕ್ಕಳು ಬಾಯಿಗೆ ಕೈ ಹಿಡಿಯದೆ ನಗುತ್ತಿದ್ದರೋ ಏನೋ.

ಸರ್ವಿಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಷದ ಕಾಂಟ್ರಾಕ್ಟ್ 3,500. ಫೋನ್ ಮಾಡಿದರೆ ಎರಡು ದಿನದಲ್ಲಿ ಬರುತ್ತಾರೆ, ಹುಡುಗರು ಮರ್ಯಾದಸ್ಥರು. ದಂಡವಾದ ಮೆಂಬ್ರೇನಿನ 2,200 ವಾಪಸ್ ಕೇಳಿದೆ, ನೋಡ್ತೀವಿ ಮೇಡಂ ಅಂದರು, ಇನ್ನೂ ನೋಡುತ್ತಿದ್ದಾರೆ. ಪಂಪ್ ಸದ್ದು ಜೋರು, ರಾತ್ರಿ ಹತ್ತಕ್ಕೆ ಶುರುವಾದರೆ ಹಾಲ್‌ನಲ್ಲಿ ಮಲಗಿದವರಿಗೆ ಕಷ್ಟ. ಟ್ಯಾಂಕ್ ತೊಳೆಯಲು ಸುಲಭ. ಮುಚ್ಚಳದ ಕ್ಲಿಪ್ ಒಂದು ಮುರಿದಿದೆ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ತೆಗೆದುಕೊಳ್ಳಬೇಕಾ ಅಂತ ಕೇಳಿದರೆ, ಮೊದಲು ನೀರು ಟೆಸ್ಟ್ ಮಾಡಿಸಿ. ಟಿಡಿಎಸ್ ಅಲ್ಲ, ಫ್ಲೋರೈಡ್ ಬರೆದುಕೊಡುವ ಟೆಸ್ಟ್. ಫ್ಲೋರೈಡ್‌ನಂಥದ್ದೇನೂ ಇಲ್ಲದೆ ಟಿಡಿಎಸ್ 300, 400 ಇದ್ದರೆ ಇದರ ಅವಶ್ಯಕತೆ ಇಲ್ಲ, ಸುಮ್ನೆ ನೀರು ದಂಡ. ಫ್ಲೋರೈಡ್ ಇದ್ದರೆ ತಗೊಳ್ಳಿ, ಫಿಟ್ ಮಾಡುವ ದಿನ ಮನೆಯಲ್ಲೇ ಇರಿ, ಆ ತಿರುಪು ಎಲ್ಲಿದೆ ಅಂತ ತೋರಿಸಿಕೊಳ್ಳಿ. ಮೆಷಿನ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಚರಂಡಿಗೆ ಹೋದ ನೀರಿಗೆ, ಒಂದು ಅಂಕ ತಿರುಪಿಗೆ.

ಸಪ್ಪೆ ಸಮಸ್ಯೆ ಹಳೇ ದಾರಿಯಲ್ಲೇ ಮುಗಿಯಿತು. ಮಣ್ಣಿನ ಮಡಕೆ ತಂದು, ಮೆಷಿನ್ ನೀರು ಅದಕ್ಕೆ ತುಂಬಿಸಿ, ನಾಲ್ಕು ಎಳೆ ಲಾವಂಚದ ಬೇರು ಹಾಕಿದೆ. ಅತ್ತೆ ಈಗ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಾರೆ. ತಿರುಪು ಮುಚ್ಚಿದ ಜಾಗಕ್ಕೆ ನಾನು ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದಿದ್ದೇನೆ, ಯಾರಾದರೂ ತಿರುಗಿಸಿದರೆ ಗೆರೆ ಒಡೆಯಲಿ ಅಂತ. ಹೋದ ವಾರ ಹೊಸ ಹುಡುಗ ಸರ್ವಿಸ್‌ಗೆ ಬಂದು ಸ್ಕ್ರೂ ಡ್ರೈವರ್ ಹಿಡಿದು ಬಗ್ಗಿದ್ದನಂತೆ. ಅಡುಗೆಮನೆಯಿಂದಲೇ ಅತ್ತೆ ಕೂಗಿದರಂತೆ: "ಆ ಎರ್ರ ಗೀತದ ತಂಟೆಗೆ ಮಾತ್ರ ಹೋಗಬೇಡಪ್ಪಾ, ನಮ್ಮ ಸೊಸೆ ಬಾಟಲಿ ತಗೊಂಡು ಲ್ಯಾಬಿಗೆ ಓಡ್ತಾಳೆ."